ಇಪ್ಪತ್ತು ಇಂಚಿನ ಪರದೆ

ಸಿರುಗುಪ್ಪ
19-11-1985

ಚಿರಂಜೀವಿ ಗಾದಿಲಿಂಗನಿಗೆ,

ನಾವೆಲ್ಲ ಇದ್ದೇವೆ. ಕ್ಷೇಮ ಎಂದು ಬರೆಯುವುದು ಪದ್ಧತಿ; ಬರೆದಿದ್ದೇನೆ ಎಂದುಕೋ. ಮಗಳು ಚನ್ನವೀರಮ್ಮ ಹೋಗಿ ಹದಿಮೂರು ತಿಂಗಳಾಯಿತು. ಅವಳು ಹೋದ ಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಹೋದ ತಿಂಗಳು ಕುರುಗೋಡಿನಲ್ಲಿ ವರ್ಷದ ಪೂಜೆಗೆ ಸಮಾಧಿಯ ಆ ಕಡೆ ನೀನು, ಈ ಕಡೆ ನಾನು ನಿಂತಿದ್ದೆವು, ಮಾತಾಡಲಿಲ್ಲ. ಈಗಲೂ ಮಾತಾಡಲೆಂದು ಬರೆಯುತ್ತಿಲ್ಲ. ಒಂದು ಕೆಲಸವಿದೆ.

ಮನೆಗೆ ಟಿ.ವಿ. ಬೇಕು. ದೊಡ್ಡ ಪರದೆಯದು. ಕೌಲ್ ಬಜಾರಿನಲ್ಲಿ ಹತ್ತು ವರ್ಷದಿಂದ ರೇಡಿಯೋ ರಿಪೇರಿ ಅಂಗಡಿ ಇಟ್ಟವನು, ಈಗ ಊರೂರಿಗೆ ಟಿ.ವಿ. ಕಂಬ ನೆಡುವವನು ಮನೆಯ ಅಳಿಯನೇ ಇರುವಾಗ ಹೊರಗಿನವರನ್ನು ಕೇಳಿದರೆ ಜನ ನಗುತ್ತಾರೆ. ಅಲ್ಲದೆ ನೀನು ಅಳಿಯನಾಗುವ ಮೊದಲೇ ನನ್ನ ಹೆಂಡತಿಯ ತಮ್ಮ. ಅಕ್ಕನ ಮಗಳನ್ನೇ ಕಟ್ಟಿಕೊಂಡವನು. ನಮ್ಮದು ಎರಡು ಹಗ್ಗದ ಸಂಬಂಧ. ಒಂದು ಹರಿದರೂ ಇನ್ನೊಂದು ಕಾಲಿಗೆ ಸುತ್ತಿಕೊಂಡೇ ಇರುತ್ತದೆ.

ಟಿ.ವಿ. ನನಗಲ್ಲ, ನಿನ್ನ ಮಗಳು ಕೊಟ್ರಿಗೆ. ಭಾನುವಾರ ಸಂಜೆಯಾದರೆ ಅವಳು ಮಿಲ್ಲಿನ ಎರ್ರಣ್ಣನ ಮನೆಯ ಹೊಸ್ತಿಲ ಮೇಲೆ ನಿಂತು ಅವರ ಟಿ.ವಿ. ನೋಡುತ್ತಾಳೆ. ಹೋದ ವಾರ ಅವರ ಮನೆಗೆ ಬೀಗರು ಬಂದಿದ್ದರು, ಬಾಗಿಲು ಹಾಕಿಕೊಂಡರು. ಇವಳು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತಳು. ಏನಾಯಿತವ್ವಾ ಎಂದರೆ, "ಅವರ ಮನಿ ಬಾಗ್ಲಾ ಮುಚ್ಚೈತಿ. ನಮ್ಮನಿ ಬಾಗ್ಲಾ ತಗದೈತಿ, ಒಳಗ ಏನೂ ಇಲ್ಲ" ಎಂದಳು. ನಾಲ್ಕೂವರೆ ವರ್ಷದ ಹುಡುಗಿ. ಅವಳು ಹೇಳಿದ ಮೇಲೆ ನಾನೂ ಮನೆಯನ್ನು ಸುತ್ತ ನೋಡಿದೆ.

ಜೂನಿಗೆ ಅವಳನ್ನು ನಮ್ಮ ಹೈಸ್ಕೂಲಿನ ಪಕ್ಕದ ಕನ್ನಡ ಶಾಲೆಗೆ ಹಾಕುವವನಿದ್ದೇನೆ. ಇಲ್ಲಿ ಬೆಳೆಯುವ ಹುಡುಗಿಗೆ ಎಲ್ಲ ಇಲ್ಲೇ ಇರಲಿ. ಯಾವುದು ಒಳ್ಳೆಯದೆಂದು ನೋಡಿ ತಿಳಿಸು.

ಇಷ್ಟೇ,
ಮರಿಬಸಪ್ಪ


ಕೌಲ್ ಬಜಾರ್, ಬಳ್ಳಾರಿ
28-11-1985

ಮಾವನವರಿಗೆ ಗಾದಿಲಿಂಗಪ್ಪನ ನಮಸ್ಕಾರ.

ಅಂಗಡಿಗೆ ಬಂದ ಗಿರಾಕಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಪರದೆ ದೊಡ್ಡದಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಹಾಗಿಲ್ಲ. ಚಿತ್ರ ಬರುವುದು ಗಾಳಿಯಲ್ಲಿ. ಪ್ರಸಾರ ಮಾಡುವ ಗೋಪುರ ಇರುವುದು ಬಳ್ಳಾರಿಯಲ್ಲಿ. ಸಿರುಗುಪ್ಪ ಐವತ್ತು ಕಿಲೋಮೀಟರಿಗೂ ಆಚೆ. ಅಲ್ಲಿಗೆ ಬರುವಷ್ಟರಲ್ಲಿ ಅದರ ಕಸುವು ಹೋಗಿರುತ್ತದೆ. ಚಿತ್ರದ ತುಂಬ ಚುಕ್ಕಿ ಬೀಳುತ್ತವೆ. ಸಣ್ಣ ಪರದೆಯಲ್ಲಿ ಚುಕ್ಕಿ ಸಣ್ಣಗೆ ಕಾಣುತ್ತವೆ, ದೊಡ್ಡದರಲ್ಲಿ ದೊಡ್ಡದಾಗಿ. ತೆಗೆದುಕೊಳ್ಳಲೇಬೇಕೆಂದರೆ ಹದಿನಾಲ್ಕು ಇಂಚಿನದು ಸಾಕು.

ಅದಕ್ಕಿಂತ ಕೊಟ್ರಿಯನ್ನೇ ಇಲ್ಲಿಗೆ ಕಳಿಸಿ. ನನ್ನ ಅಂಗಡಿಯಲ್ಲಿ ರಿಪೇರಿಗೆ ಬಂದ ಆರು ಟಿ.ವಿ. ಇವೆ, ಎಲ್ಲದರಲ್ಲೂ ಚಿತ್ರ ಬರುತ್ತದೆ. ಹೋದ ವರ್ಷ ಅಕ್ಕ ಅವಳನ್ನು ಒಂದು ತಿಂಗಳ ಮಟ್ಟಿಗೆ ಎಂದು ಕರೆದುಕೊಂಡು ಹೋದಳು. ಜೂನಿಗೆ ಇಲ್ಲಿಯ ಶಾಲೆಗೆ ಹಾಕಬೇಕೆಂದು ನನ್ನ ಮನಸ್ಸಿನಲ್ಲಿದೆ. ಅವಳು ನನ್ನ ಮಗಳು.

ನನ್ನ ಬಗ್ಗೆ ಬರೆಯಲು ಏನೂ ಇಲ್ಲ. ಅಂಗಡಿ ತೆಗೆಯುತ್ತೇನೆ, ಮುಚ್ಚುತ್ತೇನೆ. ಖಾನಾವಳಿಯಲ್ಲಿ ಏನು ಬಡಿಸಿದರು ಎಂದು ಕೇಳಿದರೆ ಹೇಳಲಾರೆ. ಮೊನ್ನೆ ಕಾದ ಸೋಲ್ಡರಿಂಗ್ ಕಡ್ಡಿ ಅಂಗೈಗೆ ತಗುಲಿತ್ತು. ವಾಸನೆ ಬಂದ ಮೇಲೆ ಗೊತ್ತಾಯಿತು.

ಮಣ್ಣು ಮಾಡಿದ ದಿನ ನೀವು ಹತ್ತು ಜನರ ಮುಂದೆ ಅಂದಿರಿ: "ನಿನ್ನ ಹೆಂಡ್ತಿ ಸಾಯಾಕತ್ತಿದ್ಲು, ನೀನು ಯಾರ್ದೋ ಮಾಳಿಗಿ ಮ್ಯಾಲಿದ್ದಿ." ಅದು ಸುಳ್ಳಲ್ಲ. ಕಾಮಾಲೆಯಾಗಿದೆ, ತವರಿನಲ್ಲಿ ಸುಧಾರಿಸಿಕೊಂಡು ಬರುತ್ತೇನೆ ಎಂದು ಹೋದವಳು. ನಾನೂ ಹಾಗೇ ನಂಬಿದ್ದೆ. ನೀವು ಕೊಟ್ಟ ತಂತಿ ಸಮಾಚಾರ ಬೀಗ ಹಾಕಿದ ಅಂಗಡಿಯ ಬಾಗಿಲ ಕೆಳಗೆ ಬಿದ್ದಿತ್ತು. ನಾನು ಬಾದನಹಟ್ಟಿಯಲ್ಲಿ ಕಂಬ ನೆಡುತ್ತಿದ್ದೆ. ಅವಳನ್ನು ಜೀಪಿನಲ್ಲಿ ಬಳ್ಳಾರಿಗೆ ತರುವಾಗ ಕುರುಗೋಡಿನ ಹತ್ತಿರ ಉಸಿರು ನಿಂತಿತು ಎಂದು ಹೇಳಲು ಆಳು ಬಂದಾಗ, ಮಾಳಿಗೆಯ ಮೇಲಿದ್ದ ನನಗೆ ಅವನ ಮಾತು ಕೇಳಿಸಲಿಲ್ಲ. ಕೆಲಸ ಮುಗಿಸಿಯೇ ಇಳಿದೆ.

ನಿಮ್ಮ,
ಗಾದಿಲಿಂಗಪ್ಪ


ಸಿರುಗುಪ್ಪ
5-12-1985

ಚಿ. ಗಾದಿಲಿಂಗನಿಗೆ,

ನಿನ್ನ ಕಾಗದ, ಸೀರೆ ಅಂಗಡಿಯವನು ಸೀರೆ ಉಡುವುದು ಮೈಗೆ ಒಳ್ಳೆಯದಲ್ಲ ಎಂದಂತಿದೆ. ಎರ್ರಣ್ಣನ ಮನೆಯಲ್ಲಿ ಚಿತ್ರ ಬರುತ್ತದೆ, ನಾನೇ ನೋಡಿದ್ದೇನೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಬೇವಿನ ಮರ, ಒಂದು ಓಣಿ. ಅಷ್ಟರಲ್ಲಿ ಗಾಳಿಯ ಕಸುವು ಹೋಗುತ್ತದೆಯೇ?

ಪಡಸಾಲೆ ಅಳೆದೆ. ಮಂಚದಿಂದ ಎದುರಿನ ಗೋಡೆಗೆ ಹನ್ನೊಂದು ಅಡಿ. ಎರ್ರಣ್ಣನದು ಹದಿನಾಲ್ಕು ಇಂಚು. ನಮ್ಮದು ಇಪ್ಪತ್ತಕ್ಕೆ ಕಡಿಮೆಯಾಗಬಾರದು. ಓಣಿಯ ಮಕ್ಕಳೆಲ್ಲ ಒಳಗೆ ಕೂತು ನೋಡಲಿ. ನಮ್ಮ ಹೊಸ್ತಿಲ ಮೇಲೆ ಯಾರೂ ನಿಲ್ಲುವುದು ಬೇಡ.

ಕೊಟ್ರಿಯನ್ನು ಕಳಿಸಿ ಎಂದು ಬರೆದಿದ್ದೀ. ಯಾರ ಹತ್ತಿರ ಕಳಿಸಲಿ? ಬೆಳಗಾದರೆ ಕಂಡವರ ಮಾಳಿಗೆ ಹತ್ತುವವನು ನೀನು. ಕೂಸಿನ ಜಡೆ ಹಾಕುವವರು ಯಾರು, ಉಣ್ಣಿಸುವವರು ಯಾರು? ಯುಗಾದಿಗೆ ನೀನು ಬಂದಾಗ ಅವಳು ಅಕ್ಕಿ ಚೀಲದ ಹಿಂದೆ ಅಡಗಿದಳು. ನೀನೂ ಕರೆಯಲಿಲ್ಲ. ಬೆಂಡು ಬತ್ತಾಸಿನ ಪೊಟ್ಟಣ ಚೀಲದ ಮೇಲಿಟ್ಟು ಬಸ್ಸಿಗೆ ಹೋದೆ. ಒಂದು ಸಲ ಕರೆದಿದ್ದರೆ ಬರುತ್ತಿದ್ದಳೋ ಏನೋ. ಈಗ ನಿನ್ನ ಮುಖ ಅವಳಿಗೆ ನೆನಪಿಲ್ಲ.

ಅಂದ ಮಾತಿನ ಬಗ್ಗೆ ಬರೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನು ಅಲ್ಲಿಗೇ ಬಿಡು. ಟಿ.ವಿ. ಆರಿಸು.

ಮರಿಬಸಪ್ಪ


ಬಳ್ಳಾರಿ
23-12-1985

ಮಾವನವರಿಗೆ,

ಟಿ.ವಿ. ಆರಿಸಿದ್ದೇನೆ. ಚಿದಾನಂದಪ್ಪನವರ ಅಂಗಡಿಯಲ್ಲಿ ಮೂರನ್ನು ಸಾಲಾಗಿ ಇಡಿಸಿ ಹಚ್ಚಿಸಿದೆ: ಹದಿನಾಲ್ಕು ಇಂಚಿನದು ಒಂದು, ಇಪ್ಪತ್ತು ಇಂಚಿನವು ಎರಡು. ಎರಡರಲ್ಲಿ ಒಂದು ಬಣ್ಣದ್ದು. ನೀವು ಹೇಳಿದ ಹನ್ನೊಂದು ಅಡಿ ಹಿಂದಕ್ಕೆ ಸರಿದರೆ ಅಂಗಡಿ ಮುಗಿದು ರಸ್ತೆ ಬರುತ್ತದೆ. ರಸ್ತೆಯಲ್ಲೇ ಸ್ಟೂಲು ಹಾಕಿಕೊಂಡು ಸುದ್ದಿ ಶುರುವಾದಾಗಿನಿಂದ ಮುಗಿಯುವವರೆಗೆ ನೋಡಿದೆ. ಆಟೋದವರು ಬೈದರು. ಚಿದಾನಂದಪ್ಪನವರು ಚಹಾ ತರಿಸಿ, "ಏನ್ ಗಾದಿಲಿಂಗಪ್ಪಾ, ದಿನಾ ಹತ್ತು ಟಿ.ವಿ. ಬಿಚ್ಚಾವ ನೀನು, ಒಂದು ಆರಸಾಕ ಇಷ್ಟೊತ್ತೇನಪಾ?" ಎಂದರು.

ಬಣ್ಣದ್ದು ಬೇಡ. ಅಷ್ಟು ದೂರಕ್ಕೆ ಬಣ್ಣ ನಿಲ್ಲುವುದಿಲ್ಲ. ಕಪ್ಪು ಬಿಳುಪಿನ ಇಪ್ಪತ್ತು ಇಂಚಿನದನ್ನೇ ಹಿಡಿದೆ. ಮರದ ಪೆಟ್ಟಿಗೆ, ಮುಂದೆ ಎರಡು ಕಡೆ ಸರಿಯುವ ಬಾಗಿಲು, ಕೀಲಿ. ವೋಲ್ಟೇಜ್ ಇಳಿದರೆ ಕೆಡದಂತೆ ಸ್ಟೆಬಿಲೈಜರ್ ಬೇಕು, ನಿಮ್ಮಲ್ಲಿ ಮಿಲ್ಲುಗಳು ಜಾಸ್ತಿ. ಆಂಟೆನಾಕ್ಕೆ ನಲವತ್ತು ಅಡಿಯ ಪೈಪು ಮತ್ತು ಕಸುವು ಹೆಚ್ಚಿಸುವ ಬೂಸ್ಟರ್. ಎಲ್ಲವನ್ನೂ ಅಕ್ಕಿ ಇಳಿಸಿ ವಾಪಸು ಬರುವ ಲಾರಿಯಲ್ಲಿ ಹುಲ್ಲಿನ ಮೇಲಿಟ್ಟು ಈ ಭಾನುವಾರ ತರುತ್ತೇನೆ.

ಚನ್ನವೀರಮ್ಮ ಇಂಥದ್ದನ್ನೇ ಕೇಳಿದ್ದಳು, ಬಾಗಿಲು ಇರುವುದನ್ನೇ. ಅಂಗಡಿ ತುಂಬ ಮಂದಿಯ ಟಿ.ವಿ. ಇರುವಾಗ ನಮಗೊಂದು ಯಾಕೆ ಎಂದಿದ್ದೆ. ಅದು ನೆನಪಾದಾಗ ಅಳು ಬರಬೇಕಿತ್ತು. ಬರಲಿಲ್ಲ. ಕೀಲಿ ಸರಿಯಾಗಿ ಕೂರುತ್ತದೆಯೇ ಎಂದು ಎರಡು ಸಲ ನೋಡಿದೆ.

ಗಾದಿಲಿಂಗಪ್ಪ


ಸಿರುಗುಪ್ಪ
1-1-1986

ಚಿ. ಗಾದಿಲಿಂಗನಿಗೆ,

ಟಿ.ವಿ. ಮನೆ ತುಂಬಿತು. ಪೆಟ್ಟಿಗೆ ನೋಡಿ ಎರ್ರಣ್ಣನೇ ಬಂದು ಬಾಗಿಲು ಸರಿಸಿ, ಮುಚ್ಚಿ, ಮತ್ತೆ ಸರಿಸಿ ಹೋದ. ಅಲ್ಲಿಗೆ ಸರಿ. ಚಿತ್ರದ ಮಾತು ಮಾತ್ರ ಕೇಳಬೇಡ.

ಸುದ್ದಿ ಓದುವ ಹೆಣ್ಣುಮಗಳಿಗೆ ಎರಡು ಮೂಗು. ಅವಳ ಹಿಂದೆ ಜೋಳ ಹುರಿದಂತೆ ಚಟಪಟ. ಮೊದಲೇ ಹಿಂದಿ, ತಿಳಿಯುವುದಿಲ್ಲ; ಈಗ ಮುಖವೂ ತಿಳಿಯುವುದಿಲ್ಲ. ಓಣಿಯ ಮಕ್ಕಳು ಅರ್ಧ ಗಂಟೆ ಕೂತು ಎರ್ರಣ್ಣನ ಮನೆಗೆ ಎದ್ದು ಹೋದರು. ಕೊಟ್ರಿ ಮಾತ್ರ ಕದಲಲಿಲ್ಲ.

ಕಂಬ ನಿಲ್ಲಿಸುವಾಗ ಅಂಗಳದಲ್ಲಿ ನಿಂತು ನಿನ್ನಕ್ಕ ಕೂಗಿದ್ದು ನನಗೂ ಕೇಳಿಸಿತು: "ತೆಂಕಲ ಕಡಿಗೆ ಮುಖ ಮಾಡಿ ನಿಲ್ಲಿಸಬ್ಯಾಡೋ ತಮ್ಮಾ, ಅದು ಯಮನ ದಿಕ್ಕು. ಮನ್ಯಾಗ ಒಂದು ಹೋಗೈತಿ, ಸಾಕು." ನೀನು ಕಂಬವನ್ನು ಕುರುಗೋಡಿನ ದಿಕ್ಕನ್ನೂ ದಾಟಿಸಿ ಪಡುವಣಕ್ಕೆ ತಿರುಗಿಸಿದೆ. ಅವಳ ಮಾತು ಬಿಡು, ಬೆಕ್ಕು ಅಡ್ಡ ಬಂದರೆ ಬಸ್ಸು ಬಿಡುವವಳು. ನೀನು ಕಸುಬುದಾರ. ಬಂದು ನೋಡು.

ನೀನು ನಾಲ್ಕರ ಬಸ್ಸಿಗೆ ಹೋದೆ. ಕೊಟ್ರಿ ಬೆನ್ನಿಗೇ ಕೇಳಿದಳು, "ಮಾಳಿಗಿ ಹತ್ತಿದ್ನಲ್ಲ, ಅವ ಯಾರು?" ನಿನ್ನಕ್ಕ ಹೇಳಿದಳು.

ಮರಿಬಸಪ್ಪ


ಬಳ್ಳಾರಿ
8-1-1986

ಮಾವನವರಿಗೆ,

ಮೊದಲೇ ಹೇಳಿದ್ದೆ, ಸಿರುಗುಪ್ಪ ದೂರ ಎಂದು. ಪೆಟ್ಟಿಗೆಯ ಹಿಂದಿನ ಸಣ್ಣ ತಿರುಪನ್ನು ಯಾರೂ ಮುಟ್ಟಬೇಡಿ. ಹನ್ನೆರಡನೇ ತಾರೀಖು ಭಾನುವಾರ ಬರುತ್ತೇನೆ.

ಇಲ್ಲಿ ಒಂದು ಗೇಣು ವೈರು ಸಿಕ್ಕಿಸಿದರೂ ಚಿತ್ರ ಕನ್ನಡಿಯ ಹಾಗೆ ಬರುತ್ತದೆ. ಇದನ್ನು ಕೊಟ್ರಿಗೂ ಹೇಳಿ. ಜೂನಿನ ಮಾತಿಗೆ ನೀವು ಉತ್ತರ ಬರೆದಿಲ್ಲ.

ಗಾದಿಲಿಂಗಪ್ಪ


ಸಿರುಗುಪ್ಪ
12-2-1986

ಚಿ. ಗಾದಿಲಿಂಗನಿಗೆ,

ಜನವರಿಯಲ್ಲಿ ಎರಡು ಸಲ ಬಂದೆ, ಮೊನ್ನೆ ಒಂಬತ್ತನೇ ತಾರೀಖು ಮತ್ತೆ ಬಂದೆ. ನೀನು ಇರುವಷ್ಟು ಹೊತ್ತು ನೆಟ್ಟಗೆ, ಹೋದ ಮೇಲೆ ಹಳೆಯ ರಾಗ. ಕಾಗೆ ಕೂರುತ್ತವೆಯೋ, ಗಾಳಿ ಅಲ್ಲಾಡಿಸುತ್ತದೆಯೋ, ನನಗೇನು ಗೊತ್ತು? ಮುಂದಿನ ಭಾನುವಾರವೂ ಬರಬೇಕಾಗುತ್ತದೆ.

ಒಂದು ಬದಲಾವಣೆ ಕಂಡೆ. ನೀನು ಮೇಲೆ ಕಂಬ ತಿರುಗಿಸುವಾಗ ಕೆಳಗೆ ನಿಂತು ಚಿತ್ರ ಬಂತೋ ಇಲ್ಲವೋ ಎಂದು ಕೂಗುವ ಕೆಲಸ ಮೊದಲು ನನ್ನದಿತ್ತು. ಈಗ ಕೊಟ್ರಿ ಅದನ್ನು ಕಸಿದುಕೊಂಡಿದ್ದಾಳೆ. ಪಡಸಾಲೆಗೆ ಓಡುತ್ತಾಳೆ, ಅಂಗಳಕ್ಕೆ ಓಡುತ್ತಾಳೆ. "ಬಂತು! ಹೋತು! ಬಂತು ಬಂತು!" ಮನೆಯಲ್ಲಿ ಅಷ್ಟು ದೊಡ್ಡ ದನಿ ಕೇಳಿ ಬಹಳ ದಿನವಾಗಿತ್ತು. ನಿನ್ನಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳುತ್ತಾಳೆ.

ಬರುವಾಗ ಊಟದ ಹೊತ್ತಿಗೆ ಬಾ. ಖಾನಾವಳಿಯಲ್ಲಿ ಉಂಡೇ ಬಂದೆ ಎಂದು ಸುಳ್ಳು ಹೇಳಬೇಡ.

ಮರಿಬಸಪ್ಪ


ಬಳ್ಳಾರಿ
12-3-1986

ಮಾವನವರಿಗೆ ನಮಸ್ಕಾರ.

ಮೊನ್ನೆ ಭಾನುವಾರದ್ದು ಬರೆಯಬೇಕೆನಿಸಿತು. ನಾನು ಮಾಳಿಗೆಯ ಮೇಲೆ, ಅವಳು ಅಂಗಳದಲ್ಲಿ. ಅಲ್ಲಿಂದ ಅವಳು ಕಾಣುವುದಿಲ್ಲ, ದನಿ ಮಾತ್ರ. ಇಷ್ಟು ದಿನ ಬಂತು, ಹೋತು ಎಂದಷ್ಟೇ ಕೂಗುತ್ತಿದ್ದಳು. ಮೊನ್ನೆ "ಬಂತು ಅಪ್ಪಾ" ಎಂದಳು. ನಾನು ಕಂಬ ಹಿಡಿದು ನಿಂತೆ. ಸಂತೋಷವಾಯಿತು ಎಂದು ಬರೆಯಲು ಕೈ ಬರುತ್ತಿಲ್ಲ, ಆಗಿರಬೇಕು. ಕಂಬವನ್ನು ಸ್ವಲ್ಪ ತಿರುಗಿಸಿದೆ. "ಹೋತು ಅಪ್ಪಾ" ಎಂದಳು. ಮತ್ತೆ ತಿರುಗಿಸಿದೆ.

ಇಳಿದು ಬಂದ ಮೇಲೆ ನೀರು ತಂದುಕೊಟ್ಟು, "ಅವ್ವ ಕುರುಗೋಡಿನ್ಯಾಗ ಅದಾಳೇನು?" ಎಂದು ಕೇಳಿದಳು. ಹೌದು ಎಂದೆ. "ಅಲ್ಲಿ ಟಿ.ವಿ. ಐತೇನು?" ಇಲ್ಲ ಎಂದೆ. ಅಷ್ಟಕ್ಕೆ ಲೋಟ ತೆಗೆದುಕೊಂಡು ಒಳಗೆ ಹೋದಳು.

ನೀವು ಜಡೆಯ ಮಾತು ಎತ್ತಿದ್ದಿರಿ. ಆಂಟೆನಾದ ವೈರನ್ನು ಮೂರು ಎಳೆ ಮಾಡಿಕೊಂಡು ಜಡೆ ಹೆಣೆಯುವುದನ್ನು ಕಲಿತಿದ್ದೇನೆ. ಅಂಗಡಿಯ ಎದುರಿನ ಮೌಲಾಬಿ ನೋಡಿ ನಕ್ಕು, ನಂತರ ಸರಿಯಾಗಿ ತೋರಿಸಿಕೊಟ್ಟರು. ಹೊರಗೂರಿನ ಕೆಲಸ ಬಿಟ್ಟಿದ್ದೇನೆ. ಈಗ ಊರೊಳಗಿನ ರಿಪೇರಿ ಮಾತ್ರ. ಇಲ್ಲಿಯ ಶಾಲೆಯಲ್ಲಿ ಮೇ ಕೊನೆಯೊಳಗೆ ಹೆಸರು ಬರೆಸಬೇಕಂತೆ. ಉತ್ತರ ಬರೆಯಿರಿ.

ಗಾದಿಲಿಂಗಪ್ಪ


ಸಿರುಗುಪ್ಪ
28-4-1986

ತಮ್ಮಾ ಗಾದೀ,

ಬರಿಯಾಕತ್ತಿದ್ದು ಎದುರು ಮನಿ ಹುಡುಗಿ, ಹೇಳಾಕತ್ತಿದ್ದು ನಾನು ನಿಮ್ಮಕ್ಕ ವಿರೂಪಮ್ಮ. ನಿಮ್ಮ ಮಾವ ಮಿಲ್ಲಿನ ಕಡಿಗೆ ಹೋಗ್ಯಾರ. ಬರೋದ್ರಾಗ ಮುಗಿಸಬೇಕು.

ನಿಮ್ಮ ಮಾವಗ ಏನೋ ಆಗೈತೋ. ಟಿ.ವಿ. ಕೆಟ್ಟೈತಿ ಅಂತ ನಿನಗ ಬರೀತಾರಲ್ಲ, ಅದು ಕೆಟ್ಟಿಲ್ಲ. ವಾರೆಲ್ಲ ಕನ್ನಡಿ ಆಗಿರ್ತೈತಿ, ಎರ್ರಣ್ಣನ ಮನಿಯವ್ರೇ ನಮ್ಮನಿಗೆ ಬಂದು ನೋಡ್ತಾರ. ಶನಿವಾರ ಸಂಜಿಮುಂದ ಇವ್ರು ಮಾಳಿಗಿ ಹತ್ತಿ ಕಂಬ ತಿರುವಿ ಕೆಡಸ್ತಾರ. ಐತವಾರ ನೀ ಬರ್ತಿ, ಅಷ್ಟು ಹೊತ್ತು ಏನೇನೋ ಮಾಡ್ತಿ, ಹೋಗಾಗ ಅದು ಪೂರಾ ಚಂದ ಆಗಿರಂಗಿಲ್ಲ. ನೀ ಬಸ್ಸು ಹತ್ತಿದ ಮ್ಯಾಲೆ ಇವ್ರು ಮತ್ತ ಹತ್ತಿ ತಿರುವ್ತಾರ, ಕನ್ನಡಿ ಆಗ್ತೈತಿ. ಯಾಕ್ರೀ ಇದು ಅಂದ್ರ, "ನಿನಗ ತಿಳ್ಯಂಗಿಲ್ಲ, ಸುಮ್ಕಿರು" ಅಂತಾರ. ಮೊನ್ನಿ ನಿಚ್ಚಣಿಕಿ ಮ್ಯಾಲಿಂದ ಜಾರಿ ಮಣಕಾಲು ಕೆತ್ತಿಸಿಕೊಂಡಾರ. ಐವತ್ತಾರು ವರ್ಷದ ಮನಷ್ಯಾ, ಬಿದ್ದು ಸೊಂಟ ಮುರಕೊಂಡ್ರ ಯಾರು ನೋಡಬೇಕು? ನೀನರ ಕೇಳು.

ಕಂಬ ಈಗ ತೆಂಕಲ ಕಡಿಗೇ ಮುಖ ಮಾಡಿರ್ತೈತಿ. ನಾ ಬ್ಯಾಡ ಅಂದಿದ್ದೆ. ಇರಲಿ ಬಿಡು, ಆಗೋದು ಆಗೇ ಹೋಗೈತಿ.

ಕೂಸನ್ನ ಬಿಟ್ಟಿರಾಕ ನನಗ ಆಗಂಗಿಲ್ಲ, ಅದನ್ನೂ ಬರಿ ಅಂತ ಹೇಳೀನಿ. ಆದ್ರ ಅಕಿ ಶನಿವಾರದಿಂದನ ಬಸ್ಸಿನ ದಾರಿ ನೋಡ್ತಾಳ. ನಾ ಕಣ್ಣಾರೆ ನೋಡೋದನ್ನ ಇಲ್ಲ ಅನ್ನಾಕ ಆಗಂಗಿಲ್ಲ.

ವಿರೂಪಮ್ಮ


ಬಳ್ಳಾರಿ
5-5-1986

ಮಾವನವರಿಗೆ,

ಅಕ್ಕನ ಕಾಗದ ಬಂತು. ಅವಳನ್ನು ಬೈಯಬೇಡಿ. ನಿನ್ನೆ ಭಾನುವಾರ ನಾನು ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಬರಲಿ?

ಮೊದಲ ದಿನ ಕಂಬವನ್ನು ತಪ್ಪು ದಿಕ್ಕಿಗೆ ನಿಲ್ಲಿಸಿದವನು ನಾನು, ಗೊತ್ತಿದ್ದೇ. ಬಳ್ಳಾರಿ ನಿಮ್ಮೂರಿಗೆ ನೇರ ದಕ್ಷಿಣಕ್ಕಿದೆ. ಅಕ್ಕ ಯಮನ ದಿಕ್ಕು ಎಂದದ್ದು ನನಗೆ ನೆಪವಾಯಿತು. ಚಿತ್ರ ಬಾರದಿದ್ದರೆ ಕೊಟ್ರಿ ಬೇಸರಪಟ್ಟು ಬಳ್ಳಾರಿಗೆ ಬರುತ್ತೇನೆ ಅನ್ನಲಿ ಎಂದು ಹಾಗೆ ಮಾಡಿದೆ. ರಸ್ತೆಯಲ್ಲಿ ಕೂತು ಆರಿಸಿದ ಟಿ.ವಿ.ಯನ್ನು ಕೆಡಿಸಿಯೇ ಮಗಳ ಕೈಗೆ ಕೊಟ್ಟೆ. ಈ ಕಸುಬಿನಲ್ಲಿ ಇಂಥ ಕೆಲಸ ಬೇರೆ ಯಾರ ಮನೆಯಲ್ಲೂ ಮಾಡಿಲ್ಲ.

ಆಮೇಲೆ ಅವಳ ದನಿಯ ಆಸೆಗೆ, ಪ್ರತಿ ಸಲ ಸ್ವಲ್ಪ ತಪ್ಪು ಉಳಿಸಿ ಬರುತ್ತಿದ್ದೆ. ಮತ್ತೆ ಕರೆಯುತ್ತೀರಿ ಎಂಬ ಲೆಕ್ಕ. ನನ್ನದು ಕಳ್ಳತನ. ನೀವು ತಿರುಗಿಸಿದ್ದು ಯಾಕೆಂದು ಮಾತ್ರ ನನಗೆ ತಿಳಿಯುತ್ತಿಲ್ಲ. ನನ್ನ ತಪ್ಪನ್ನು ಹಿಡಿಯಲೆಂದೇ ಮಾಡಿದ್ದರೆ ಹಿಡಿದಿದ್ದೀರಿ. ಕೊಟ್ರಿಯನ್ನು ಕೇಳುವ ಅಧಿಕಾರ ನನಗೆ ಉಳಿದಿಲ್ಲ. ಅಲ್ಲಿಯ ಶಾಲೆಗೇ ಹಾಕಿ.

ಗಾದಿಲಿಂಗಪ್ಪ


ಸಿರುಗುಪ್ಪ
13-5-1986

ಚಿ. ಗಾದಿಲಿಂಗನಿಗೆ,

ಎರಡು ಭಾನುವಾರ ಬರಲಿಲ್ಲ ನೀನು. ಕೊಟ್ರಿ ಎರಡು ದಿನವೂ ಮಧ್ಯಾಹ್ನದ ಊಟ ಬಿಟ್ಟಳು. ಅವಳ ಜೊತೆ ನಿನ್ನಕ್ಕನೂ ಬಿಟ್ಟಳು. ನಾನು ಒಬ್ಬನೇ ಉಂಡೆ, ರುಚಿಸಲಿಲ್ಲ.

ಮೂವತ್ತು ವರ್ಷ ಶಾಲೆಯ ಬಯಲಿನಲ್ಲಿ ಮಕ್ಕಳನ್ನು ಬಲಕ್ಕೆ ತಿರುಗು, ಎಡಕ್ಕೆ ತಿರುಗು ಎಂದ ಡ್ರಿಲ್ ಮಾಸ್ತರನಿಗೆ ಬಳ್ಳಾರಿ ಯಾವ ದಿಕ್ಕಿಗಿದೆ ಎಂದು ತಿಳಿಯುವುದಿಲ್ಲವೇನೋ ಮೂರ್ಖ? ನೀನು ಹೋದ ಮರುದಿನವೇ ಮಾಳಿಗೆ ಹತ್ತಿ ತಿರುಗಿಸಿದೆ. ಸುದ್ದಿಯವಳಿಗೆ ಒಂದೇ ಮೂಗಾಯಿತು. ಸಿಟ್ಟು ನೆತ್ತಿಗೇರಿತು. ನಿನ್ನ ಏಳು ತಲೆಮಾರಿಗೆ ತಲುಪುವಂತೆ ಬೈಯಬೇಕೆಂದು ಕಾಗದ ತೆಗೆದುಕೊಂಡು ಕೂತೆ. ಕೊಟ್ರಿ ಪಕ್ಕಕ್ಕೆ ಬಂದು, "ಅಪ್ಪ ಮತ್ತ ಬರ್ತಾನೇನಜ್ಜ?" ಎಂದಳು. ಮಾಳಿಗೆ ಹತ್ತಿದವ ಯಾರು ಎಂದು ಮೊನ್ನೆ ಕೇಳಿದವಳು ಅವತ್ತು ಅಪ್ಪ ಎಂದಿದ್ದಳು. "ಟಿ.ವಿ. ಕೆಟ್ರ ಬರ್ತಾನವ್ವಾ" ಎಂದುಬಿಟ್ಟೆ. "ಹಂಗಾರ ಕೆಡ್ಲಿ" ಎಂದಳು. ಬೈಗುಳದ ಕಾಗದ ಅಲ್ಲಿಗೇ ನಿಂತಿತು. ಎರಡು ಮೂಗಿನ ಕಾಗದ ಬರೆದೆ.

ಇನ್ನೊಂದು ಮಾತನ್ನು ಹತ್ತೊಂಬತ್ತು ತಿಂಗಳಿಂದ ಬಚ್ಚಿಟ್ಟುಕೊಂಡಿದ್ದೇನೆ. ಇದನ್ನು ನಿನ್ನಕ್ಕನಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಚನ್ನವೀರಮ್ಮ ಇಲ್ಲಿಗೆ ಬಂದ ದಿನವೇ ನಿನ್ನಕ್ಕ ಅವಳ ಕಣ್ಣು ನೋಡಿ ದವಾಖಾನೆಗೆ ಹೋಗೋಣ ಎಂದಳು. ಬೇಡ ಎಂದವನು ನಾನು. ಕಾಮಾಲೆಗೆ ಎಲೆಯ ರಸವೇ ಮದ್ದು, ನಮ್ಮಪ್ಪನಿಗೂ ಅದರಲ್ಲೇ ಗುಣವಾಗಿತ್ತು ಎಂದು ಎಂಟು ದಿನ ನಾನೇ ಅರೆದು ಕುಡಿಸಿದೆ. ಅವಳು ನನ್ನ ಮಾತು ಮೀರುವ ಹುಡುಗಿಯಲ್ಲ, ಮುಖ ಕಿವಿಚಿಕೊಂಡು ಕುಡಿದಳು. ಒಂಬತ್ತನೆಯ ದಿನ ಮಾತು ತೊದಲಿದಾಗ ನಿನಗೆ ತಂತಿ ಕೊಟ್ಟೆ. ಆ ತಂತಿ ನಿನ್ನ ಕೈಗೇ ಸಿಕ್ಕಿದ್ದರೂ ನೀನು ಏನು ಮಾಡಬಹುದಿತ್ತು? ಸಮಾಧಿಯ ಹತ್ತಿರ ಯಾರಾದರೂ ಬೆರಳು ನನ್ನ ಕಡೆ ತೋರಿಸುತ್ತಾರೆ ಎಂದು ಹೆದರಿ, ನಾನೇ ಮೊದಲು ನಿನ್ನ ಕಡೆ ತೋರಿಸಿದೆ. ಆ ಮಾತು ನನ್ನದು. ನಿನ್ನ ತಲೆಯ ಮೇಲಿಂದ ಇಳಿಸಿಕೊಳ್ಳುತ್ತಿದ್ದೇನೆ.

ಕೊಟ್ರಿ ಇಲ್ಲಿದ್ದರೆ ಸತ್ತವಳು ಅರ್ಧ ಇಲ್ಲೇ ಇದ್ದಾಳೆ ಅನ್ನಿಸುತ್ತಿತ್ತು, ಅದಕ್ಕೇ ಹಿಡಿದುಕೊಂಡೆ. ನಿನ್ನದು ಕಳ್ಳತನವಾದರೆ ನನ್ನದಕ್ಕೆ ಏನೆನ್ನುತ್ತೀ? ಮೇ ಮುಗಿಯುವುದರೊಳಗೆ ಬಂದು ಮಗಳನ್ನು ಕರೆದುಕೊಂಡು ಹೋಗು. ನಿನ್ನಕ್ಕ ಸ್ವಲ್ಪ ದಿನ ಅಲ್ಲೇ ಬಂದು ಇರುತ್ತಾಳೆ. ಟಿ.ವಿ. ಇಲ್ಲಿರಲಿ, ಓಣಿಯ ಮಕ್ಕಳಿಗೆ ರೂಢಿಯಾಗಿದೆ.

ಮರಿಬಸಪ್ಪ


ಬಳ್ಳಾರಿ
18-6-1986

ಮಾವನವರಿಗೆ ನಮಸ್ಕಾರ.

ಕೊಟ್ರಿ ಶಾಲೆಗೆ ಹೋಗುತ್ತಿದ್ದಾಳೆ. ಮೊದಲ ವಾರ ಅತ್ತಳು, ಈಗ ಪಕ್ಕದ ಹುಡುಗಿಯ ಬಳಪ ಕಿತ್ತುಕೊಳ್ಳುತ್ತಾಳೆ ಎಂದು ದೂರು ಬಂದಿದೆ. ಜಡೆ ನಾನೇ ಹಾಕುತ್ತೇನೆ. ಬೈತಲೆ ಸೊಟ್ಟ ಎಂದು ಅಕ್ಕ ಬಿಚ್ಚಿ ಮತ್ತೆ ಹಾಕುತ್ತಾಳೆ.

ಔಷಧಿಯ ಮಾತು ನೀವು ಬರೆದಿರಿ. ಆ ಕಾಗದವನ್ನು ಎಷ್ಟು ಸಲ ಓದಿದೆನೋ. ನಿಮ್ಮ ಮೇಲೆ ಸಿಟ್ಟು ಬರಲೆಂದು ಕಾದೆ. ನಾನು ಅಲ್ಲಿದ್ದಿದ್ದರೆ ನಾನೂ ಅದನ್ನೇ ಕುಡಿಸುತ್ತಿದ್ದೆ, ನಮ್ಮ ಮನೆಯಲ್ಲೂ ಕಾಮಾಲೆಗೆ ಯಾರೂ ದವಾಖಾನೆಗೆ ಹೋದವರಲ್ಲ. ನಾನು ಹೇಳಬಲ್ಲದ್ದು ಇಷ್ಟೇ. ಇದರಿಂದ ನಿಮಗೆ ಹಗುರಾಗುವುದಿಲ್ಲ, ನನಗೂ ಆಗಿಲ್ಲ. ಕುರುಗೋಡಿಗೆ ಮುಂದಿನ ಸಲ ಇಬ್ಬರೂ ಒಟ್ಟಿಗೆ ಹೋಗೋಣ.

ನಿನ್ನೆ ಅಂಗಡಿಯಲ್ಲಿ ನಾಲ್ಕು ಟಿ.ವಿ. ಹಚ್ಚಿದ್ದೆ. ಗಾಜಿನಷ್ಟು ಸ್ವಚ್ಛ ಚಿತ್ರ. ಕೊಟ್ರಿ ಅವುಗಳ ಕಡೆ ಬೆನ್ನು ಮಾಡಿ ಕೂತು ಬೆರಳು ಮಡಚಿ ದಿನ ಎಣಿಸುತ್ತಿದ್ದಳು. ಏನವ್ವಾ ಎಂದೆ. "ಐತವಾರಕ್ಕ ಇನ್ನ ಐದು ದಿನ. ಅಜ್ಜನ ಟಿ.ವಿ. ಕೆಟ್ಟಿರ್ತೈತಿ ಅಪ್ಪಾ, ನಾವು ಹೋಗಬೇಕಲ್ಲ" ಎಂದಳು. ಟಿ.ವಿ. ಕೆಟ್ಟಿಲ್ಲ ಎಂದು ಹೇಳಲು ಬಾಯಿ ತೆಗೆದೆ. ಅಳು ಬಂತು. ಮಾವ, ಚನ್ನವೀರಮ್ಮ ಹೋದ ಮೇಲೆ ಮೊದಲ ಸಲ ಅತ್ತುಬಿಟ್ಟೆ, ಗಿರಾಕಿಗಳ ಎದುರಿಗೇ. ಎದೆ ಬಹಳ ನೋಯಿತು. ಇವತ್ತೂ ನೋಯುತ್ತಿದೆ.

ಭಾನುವಾರ ಹತ್ತರ ಬಸ್ಸಿಗೆ ಮೂವರೂ ಬರುತ್ತೇವೆ. ನಿಚ್ಚಣಿಕೆ ಹತ್ತುವಾಗ ಯಾರಾದರೂ ಹಿಡಿದುಕೊಳ್ಳಲಿ. ಕಂಬವನ್ನು ಮಾತ್ರ ಮರೆಯದೆ ಶನಿವಾರವೇ ತಿರುಗಿಸಿಡಿ.

ನಿಮ್ಮ,
ಗಾದಿಲಿಂಗ